ನಮ್ಮ ಸಾಲಿಗೆ ಬಾರದ ರೈಲು

ಗೇಟಿಗೆ ಬಣ್ಣ ಹೊಡೆಯಲು ಬಂದವನು ನಿನ್ನೆ ಬೆಳಿಗ್ಗೆ ಜಗಲಿಯ ಮೇಲೆ ಡಬ್ಬದ ಮುಚ್ಚಳ ಎಬ್ಬಿಸಿದ. ಕೆಂಪು ಆಕ್ಸೈಡು. ಗಟ್ಟಿಯಾಗಿದೆ ಎಂದು ಸ್ವಲ್ಪ ಸೀಮೆಎಣ್ಣೆ ಸುರಿದು, ಬೇಲಿಯಿಂದ ಕಡ್ಡಿಯೊಂದನ್ನು ಮುರಿದು ಕಲಕತೊಡಗಿದ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ವಾಸನೆ ಒಳಗೆ ಬಂದದ್ದೇ ಕೈ ತಾನಾಗಿ ನಿಂತಿತು. ಎದ್ದು ಹೋಗಿ ಮನೆಯ ಪಕ್ಕದ ಗೋಡೆಯನ್ನು ನೋಡಿಕೊಂಡು ಬಂದೆ. ಬೇಸಿಗೆಯಲ್ಲಿ ಅಲ್ಲಿ ಏನೂ ಕಾಣಿಸುವುದಿಲ್ಲ, ಗೊತ್ತು. ಆದರೂ ನೋಡಿಕೊಂಡು ಬಂದೆ.

ನನಗೆ ಅದು ಒಂದೇ ಒಂದು ವರ್ಷದ ವಾಸನೆ. ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲಿ ನಮ್ಮದೇ ಅಸೆಂಬ್ಲಿ, ಕೊಡಗಿನವರೇ ಇಬ್ಬರು ಮಂತ್ರಿಗಳು. ನಾನು ಸೋಮವಾರಪೇಟೆಯಿಂದ ಮದುವೆಯಾಗಿ ನೆಲ್ಯಹುದಿಕೇರಿಗೆ ಬಂದು ಒಂದು ವರ್ಷ ಕಳೆದಿತ್ತಷ್ಟೆ. ನಮ್ಮವರು ಎಸ್ಟೇಟಿನಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಕೆಲಸ ಹಂಚುವುದರಿಂದ ಹಿಡಿದು ಸಂಜೆ ಪಿಕಿಂಗಿನಲ್ಲಿ ಕಿತ್ತ ಕಾಫಿ ಹಣ್ಣಿನ ಚೀಲ ತೂಗುವವರೆಗೆ ಅವರದೇ ಜವಾಬ್ದಾರಿ. ಆದರೆ ನಾವು ಎಸ್ಟೇಟಿನ ಮನೆಯಲ್ಲಿರಲಿಲ್ಲ. ರಸ್ತೆಯ ಮೇಲ್ಬದಿಗೆ ಒಂದಕ್ಕೊಂದು ಅಂಟಿಕೊಂಡಂತೆ ಹತ್ತು ಹನ್ನೆರಡು ಮನೆಗಳಿದ್ದವು. ಅದನ್ನು 'ಸಾಲು' ಎನ್ನುತ್ತಿದ್ದರು. ಅದರಲ್ಲಿ ಕೊನೆಯದು ನಮ್ಮದು.

ಸಾಲಿನ ಕೆಳಗೆ ರಸ್ತೆ, ರಸ್ತೆಯ ಕೆಳಗೆ ಹುಲ್ಲುಗಾವಲು, ಆಮೇಲೆ ಕಾವೇರಿ. ಸಾಲಿನ ಹಿಂದಕ್ಕೆ ಸ್ವಲ್ಪ ದಿಬ್ಬ ಹತ್ತಿದರೆ ಎಸ್ಟೇಟಿನ ಆಳುಗಳು ಇರುವ ಲೈನು. ಒಂದೇ ಉದ್ದದ ಹಂಚಿನ ಮಾಡು, ಅದರಡಿ ಒಂದೊಂದು ಕೋಣೆಯ ಮನೆಗಳು. ಅಂಥವು ಎರಡಿದ್ದವು. ಎರಡಿದ್ದರೂ ನಾವೆಲ್ಲ ಹೇಳುತ್ತಿದ್ದುದು 'ಲೈನು' ಎಂದೇ. 'ಲೈನಿಗೆ ಹೋಗಿ ಬಾ', 'ಲೈನಿನಲ್ಲಿ ಮಗುವಿಗೆ ಜ್ವರವಂತೆ', ಹೀಗೆ. ಇದನ್ನು ಯಾಕಿಷ್ಟು ವಿವರವಾಗಿ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಆ ಬೇಸಿಗೆಯ ಕೊನೆಗೆ ಇನ್ನೊಂದು ಲೈನಿನ ಸುದ್ದಿ ಬಂತು. ಕರಾವಳಿಯಿಂದ ಘಾಟಿ ಹತ್ತಿ ವಿರಾಜಪೇಟೆ ಕಡೆಯಿಂದ ಬಂದು, ಹೊಳೆ ಬದಿಯಲ್ಲೇ ಸಾಗಿ ಮೈಸೂರಿಗೆ ಹೋಗುವ ರೈಲು. ಸರ್ವೇಯರೊಬ್ಬರು ಸರಪಳಿಯವರನ್ನು ಕರೆದುಕೊಂಡು ಬಂದು ಹುಲ್ಲುಗಾವಲಿನ ಉದ್ದಕ್ಕೂ ಬಿಳಿ ಗೂಟ ನೆಟ್ಟು ಹೋದರು. ಊರಿಗೆ ಸಂಭ್ರಮ. ಕಾನ್ವೆಂಟಿನಲ್ಲಿ ಓದುವಾಗ ನಾನು 'ರೈಲು ಪ್ರಯಾಣ' ಎಂಬ ಇಂಗ್ಲಿಷ್ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡಿದ್ದೆ. ಆಗ ನಾನಾಗಲಿ, ತರಗತಿಯ ಇತರ ಹುಡುಗಿಯರಾಗಲಿ ರೈಲನ್ನು ಕಣ್ಣಿಂದ ಕಂಡಿರಲಿಲ್ಲ. ಸಾಲಿನಲ್ಲಿ ರೈಲು ಹತ್ತಿದವರೆಂದರೆ ಪಕ್ಕದ ಮನೆಯ ಗೌರಮ್ಮ ಒಬ್ಬರೇ. ಹಾಸನದ ಕಡೆಯಿಂದ ಗಂಡನೊಡನೆ ಬಂದು ಇಲ್ಲಿ ನೆಲೆ ನಿಂತವರು. ಗಂಡ ತೀರಿಕೊಂಡ ಮೇಲೆ ಮಣ್ಣು ತುಳಿದು, ಇಟ್ಟಿಗೆ ಕುಯ್ದು ತಾವೇ ಮನೆ ಎಬ್ಬಿಸಿದವರು.

"ಏನೈತೆ ಅದ್ರಾಗೆ? ಉರಿಯೋ ಒಲೆ ಮೇಲೆ ಕೂತ್ಕಂಡು ಹೋದಂಗೆ. ಇಳಿಯೋ ಹೊತ್ಗೆ ಸೀರೆ ತುಂಬ ಕಿಡಿ ಬಿದ್ದ ತೂತು," ಎನ್ನುತ್ತಿದ್ದರು. ಆದರೂ ಆ ಸೀರೆಯನ್ನು ಎತ್ತಿಟ್ಟಿದ್ದರು.

ಲೈನಿನಿಂದ ಚೆಲ್ಲಮ್ಮ ಎಂಬವಳು ನಮ್ಮ ಮನೆಗೆ ಸೊಪ್ಪು ಕೊಡಲು ಬರುತ್ತಿದ್ದಳು. ನನ್ನದೇ ವಯಸ್ಸು. ಆಗಷ್ಟೇ ಬಸುರಿ. ಬಾಗಿಲ ಪಕ್ಕ ಸೀಮೆಬದನೆ ಬಳ್ಳಿ ಹಬ್ಬಿಸಿ, ಅದರ ನೆರಳಲ್ಲಿ ತೊಟ್ಟಿಲು ಕಟ್ಟಬೇಕೆಂದು ಈಗಲೇ ಜಾಗ ಗುರುತು ಮಾಡಿಟ್ಟಿದ್ದಳು. ಅವಳಿಗೆ ನಾನು, "ಲೈನು ಬರ್ತದಂತೆ ಚೆಲ್ಲಮ್ಮ," ಎಂದೆ.

ಅವಳ ಮುಖ ಅರಳಿತು. "ಇನ್ನೊಂದು ಲೈನಾ? ಓಡು ಹಾಕ್ತಾರಾಮ್ಮಾ, ಇಲ್ಲ ಹುಲ್ಲಾ?"

ಹಂಚೋ ಹುಲ್ಲೋ ಎಂದು ಕೇಳುತ್ತಿದ್ದಾಳೆ! ನಾನು ನಕ್ಕು ನಕ್ಕು ಸೊಪ್ಪಿನ ಬುಟ್ಟಿಯನ್ನೇ ಕೆಡವಿದೆ. ಸಂಜೆ ನಮ್ಮವರಿಗೆ ಹೇಳಿ ಮತ್ತೆ ನಕ್ಕೆ.

ಆ ವರ್ಷದ ಮಳೆ ನಗುವಂಥದ್ದಲ್ಲ. ಆಷಾಢದ ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ವಾರ ಹೊಳೆ ತಿರುಗಿ ನೋಡಲಿಲ್ಲ, ಏರುತ್ತಲೇ ಹೋಯಿತು. ಹುಲ್ಲುಗಾವಲು ಮುಳುಗಿತು, ಬಿಳಿ ಗೂಟಗಳು ಮುಳುಗಿದವು, ನೀರು ರಸ್ತೆಯಂಚಿನ ಅತ್ತಿಮರದ ಬುಡಕ್ಕೆ ಬಂದು ನಿಂತಿತು. ಇಳಿದ ಮೇಲೆ ನೋಡಿದರೆ ಗೂಟಗಳಲ್ಲಿ ಅರ್ಧವೂ ಇಲ್ಲ. ಉಳಿದವುಗಳ ತಲೆಗೆ ಬಾಳೆಯ ಕಸ, ಯಾರದೋ ಮನೆಯ ಚಾಪೆಯ ತುಂಡು ಸಿಕ್ಕಿಕೊಂಡಿದ್ದವು.

ತುಲಾ ಸಂಕ್ರಮಣ ಮುಗಿದು, ಕಾವೇರಿ ತೀರ್ಥ ತಂದವರ ಮನೆಗಳಲ್ಲಿ ಇನ್ನೂ ತಂಬಿಗೆ ದೇವರ ಮುಂದಿದ್ದಾಗಲೇ ಸರ್ವೇಯರ್ ಮತ್ತೆ ಬಂದರು. ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿದರು. ತೆಳ್ಳಗಿನ ಮನುಷ್ಯ. ಖಾಕಿ ಕಾಲುಚೀಲದ ಹಿಮ್ಮಡಿಯಲ್ಲಿ ಬೇರೆ ಬಣ್ಣದ ನೂಲಿನಿಂದ ಹೊಲಿದ ತೇಪೆ. ತೇಪೆ ಚೆನ್ನಾಗಿತ್ತು, ಮನೆಯಲ್ಲಿ ಅಚ್ಚುಕಟ್ಟಾದ ಹೆಂಗಸು ಇದ್ದಾಳೆ ಎಂದುಕೊಂಡೆ. ಅವರಿಗೆ ಕನ್ನಡ ಬಾರದು. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಮದುವೆಯಾದ ಮೇಲೆ ಮೊದಲ ಬಾರಿ. ನಾಲಿಗೆಗೆ ತುಕ್ಕು ಹಿಡಿದಿಲ್ಲವಲ್ಲ ಎಂದು ಎಷ್ಟು ಖುಷಿಯಾಯಿತೆಂದರೆ, ನೀರಿನ ಬದಲು ಕಾಫಿಯನ್ನೇ ಕೊಟ್ಟೆ, ಜೊತೆಗೆ ಎರಡು ಕೋಡುಬಳೆ.

ಅವರು ಕೇಳಿದರು: ಈ ಸಲ ನೀರು ಎಲ್ಲಿಯವರೆಗೆ ಬಂದಿತ್ತು? ನಾನು ಅತ್ತಿಮರವನ್ನು ತೋರಿಸಿದೆ. ಬುಡದ ಮೇಲೆ ಕೆಸರು ಬಿಟ್ಟ ಗೆರೆಯನ್ನೂ ತೋರಿಸಿದೆ. ಅವರು ಪುಸ್ತಕದಲ್ಲಿ ಬರೆದುಕೊಂಡು, ಬಹಳ ಉಪಕಾರವಾಯಿತು ಎಂದು ಟೋಪಿ ಮುಟ್ಟಿ ಹೋದರು.

ಮರುದಿನ ಕೆಂಪು ಗೂಟಗಳು ಬಂದವು. ಹುಲ್ಲುಗಾವಲಿನಲ್ಲಲ್ಲ, ರಸ್ತೆ ದಾಟಿ ಮೇಲೆ. ಒಂದು ಗೂಟ ಗೌರಮ್ಮನ ಅಂಗಳದಲ್ಲಿ, ತುಳಸಿಕಟ್ಟೆಯಿಂದ ಮೂರು ಹೆಜ್ಜೆಗೆ. ನಮ್ಮ ಮನೆಯ ಪಕ್ಕದ ಗೋಡೆಯ ಮೇಲೆ ಒಂದು ಮೊಳ ಉದ್ದದ ಕೆಂಪು ಬಾಣ. ಸೀಮೆಎಣ್ಣೆ ಬೆರೆಸಿದ ಬಣ್ಣ, ಇನ್ನೂ ಇಳಿಯುತ್ತಿತ್ತು. ಬಾಣದ ಕೆಳಗೆ ಎರಡು ಹನಿ ಇಳಿದು ಒಣಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಸಣ್ಣದನ್ನೆಲ್ಲ ನೋಡಿದೆ. ಬಾಣದ ಮೂತಿ ಯಾವ ಕಡೆಗಿದೆ ಎಂಬುದನ್ನು ಮಾತ್ರ ನೋಡಲಿಲ್ಲ. ನಮ್ಮ ಗೋಡೆಯ ಮೇಲೆ ಬರೆದಿದ್ದಾರೆ ಎಂದ ಮೇಲೆ ನಮ್ಮ ಮನೆಗೇ ಬಂತು ಎಂದುಕೊಂಡೆ.

ಸಂಜೆಯೊಳಗೆ ಸಾಲಿನ ಹೆಂಗಸರೆಲ್ಲ ಗೌರಮ್ಮನ ಅಂಗಳದಲ್ಲಿ ಗೂಟದ ಸುತ್ತ ನಿಂತಿದ್ದರು.

"ಹೊಳೆ ಬದಿಗೆ ಹೋಗೋ ರೈಲು ಇಲ್ಲಿಗ್ಯಾಕೆ ಹತ್ತಿ ಬಂತು?" ಎಂದರು ಗೌರಮ್ಮ. "ಹೊಳೆ ನೋಡಿ ಹೆದರಿದ್ರಂತೆ. ಹೊಳೆ ನೋಡಿ ಅಲ್ಲ ಕಣ್ರವ್ವ, ಬಂಗಲೆ ಊಟ ನೋಡಿ. ಭಾನುವಾರ ಎಸ್ಟೇಟ್ ಸಾಹುಕಾರ್ರ ಬಂಗಲೇಲಿ ಕೋಳಿ ಕುಯ್ದ್ರಲ್ಲ, ಯಾರಿಗೆ ಕುಯ್ದ್ರು? ಅವ್ರ ಕಾಪಿ ಗಿಡದ ಒಂದು ಎಲೆಗೂ ತಾಗಬಾರ್ದು. ನಮ್ಮ ಮನೆ ಹೋದ್ರೆ ಹೋಗ್ಲಿ."

ರಸ್ತೆಯಂಚಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮೊಯ್ದು ಕಾಕ ಅಲ್ಲಿಂದಲೇ ಕೂಗಿದ: "ಊಟ ಬಂಗಲೆಯಲ್ಲಿ ಮಾತ್ರ ಅಲ್ಲ ಮಾರಾಯ್ತಿ, ಕಾಪಿ ಈ ಸಾಲಲ್ಲೂ ಕುಡಿದಿದ್ದಾನೆ. ನಾನು ಕಂಡದ್ದು."

ಯಾರೂ ನನ್ನ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದೇ ನನಗೆ ತಾಗಿತು. ಗೌರಮ್ಮ ನಿಧಾನವಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಮ್ಮ ಕಾನ್ವೆಂಟಮ್ಮ ಮನೆ ಬಾಗಲಿಗೆ ಬಂದೋರ್ಗೆ ಕೊಟ್ಟವ್ಳೆ. ಅದ್ರಲ್ಲಿ ತಪ್ಪೇನು? ಇಂಗ್ಲಿಷಲ್ಲಿ ಏನು ಮಾತಾಡ್ದ್ರು ಅನ್ನೋದು ಅವರವರಿಗೇ ಗೊತ್ತು," ಎಂದರು.

ಅತ್ತಿಮರದ ವಿಷಯ ನಾನು ಯಾರಿಗೂ ಹೇಳಲಿಲ್ಲ. ಎಸ್ಟೇಟ್ ರೈಟರ ಹೆಂಡತಿ, ಸರ್ವೇಯರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದವಳು, ನೀರಿನ ಗೆರೆ ತೋರಿಸಿದವಳು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಯಾರಿಗೂ ಕಷ್ಟವಿರಲಿಲ್ಲ.

ಅಲ್ಲಿಂದ ಒಂದು ತಿಂಗಳು ನಮ್ಮ ಸಾಲಿನಲ್ಲಿ ಯಾರೂ ಯಾರನ್ನೂ ನಂಬಲಿಲ್ಲ. ಒಬ್ಬರ ಮನೆಗೆ ಹೊಸ ಹಂಚು ಬಂದರೆ, 'ಬೀಳೋ ಮನೆಗೆ ಯಾಕೆ ಹಂಚು? ಇವರಿಗೆ ಬೀಳಲ್ಲ ಅಂತ ಯಾರು ಹೇಳಿದ್ರು?' ಒಬ್ಬರು ಮಡಿಕೇರಿ ಬಸ್ಸು ಹತ್ತಿದರೆ, 'ಯಾರನ್ನ ನೋಡಕ್ಕೆ?' ರಾತ್ರೋರಾತ್ರಿ ಗೂಟ ಸರಿಸಿದ್ದಾರೆಂಬ ಗುಮಾನಿಯಿಂದ ಗೌರಮ್ಮ ದಿನವೂ ಬೆಳಿಗ್ಗೆ ತುಳಸಿಯಿಂದ ಗೂಟಕ್ಕೆ ಹೆಜ್ಜೆ ಅಳೆಯುತ್ತಿದ್ದರು. ನನ್ನ ಮನೆಗೆ ಮೊಸರಿನ ಹೆಪ್ಪಿಗೆ ಬರುವುದನ್ನು ನಿಲ್ಲಿಸಿದರು. ನಾನೂ ಕಡಿಮೆಯಿರಲಿಲ್ಲ. ನಮ್ಮವರು ಬಂಗಲೆಯಿಂದ ತಡವಾಗಿ ಬಂದ ದಿನ ಅವರ ಮುಖವನ್ನೇ ಓದುತ್ತಿದ್ದೆ. ಏನೋ ಗೊತ್ತಿದೆ, ಹೇಳುತ್ತಿಲ್ಲ.

"ನಿಮ್ಮ ಸಾಹುಕಾರ್ರು ಏನಂತಾರ್ರೀ?"

"ಕಾಫಿ ಹಣ್ಣಾಗಿದೆ, ಆಳು ಸಾಲದು ಅಂತಾರೆ."

"ರೈಲಿನ ವಿಷಯ?"

"ನನ್ನ ಹತ್ರ ಯಾಕೆ ಹೇಳ್ತಾರೆ ಮಾರಾಯ್ತಿ? ನಾನು ರೈಟರು, ಸರ್ಕಾರ ಅಲ್ಲ."

ಕೊನೆಗೆ ಮಡಿಕೇರಿಗೆ ಅರ್ಜಿ ಬರೆಯಬೇಕೆಂದು ತೀರ್ಮಾನವಾಯಿತು. ಬರೆಯಲು ನಾನೇ ಆಗಬೇಕು. ಸಾಲಿನಲ್ಲಿ ಇಂಗ್ಲಿಷ್ ಬರೆಯಬಲ್ಲವರು ಬೇರಾರೂ ಇರಲಿಲ್ಲ. ಗೌರಮ್ಮ ಹೇಳಿದಂತೆ ಬರೆದೆ: ಇದು ಹೆಂಗಸರು ಮಕ್ಕಳು ಬಾಳುವ ಜಾಗ, ಬಾಗಿಲು ತೆಗೆದರೆ ರೈಲಿನ ಗಾಲಿ ಎಂದರೆ ಬಾಳುವುದು ಹೇಗೆ, ಕಿಡಿ ಹಾರಿದರೆ ಯಾರು ಹೊಣೆ. ಎರಡು ಸಲ ಕನ್ನಡದಲ್ಲಿ ಓದಿ ಹೇಳಿಸಿದರು. ಆಮೇಲೆ ಹೆಬ್ಬೆಟ್ಟು, ಸಹಿ ಎಲ್ಲ ಹಾಕಿ, ಲಕೋಟೆಗೆ ಅಂಟು ಹಾಕುವ ಮುಂಚೆ ಗೌರಮ್ಮ ಕಾಗದವನ್ನು ಅಂಚೆಯವರ ಬಳಿ ತೆಗೆದುಕೊಂಡು ಹೋಗಿ, ತಾವು ಹೇಳಿದ್ದನ್ನೇ ನಾನು ಬರೆದಿದ್ದೇನೋ ಎಂದು ಓದಿಸಿ ನೋಡಿದರು. ಅದು ನನಗೆ ಗೊತ್ತಾದದ್ದು ಅಂಚೆಯವರಿಂದಲೇ. "ತುಂಬಾ ಚೆನ್ನಾಗಿದೆಯಮ್ಮ ನಿಮ್ಮ ಅಕ್ಷರ," ಎಂದರು ಪಾಪ.

ಉತ್ತರ ಬಂದದ್ದು ಪಿಕಿಂಗ್ ಜೋರಾಗಿದ್ದಾಗ. ಸರ್ವೇಯರೇ ತಂದರು. ಕ್ಯಾಂಪು ಎತ್ತುತ್ತಿದ್ದರು, ಗಾಡಿಯ ಮೇಲೆ ಗುಡಾರ, ಮೂರು ಕಾಲಿನ ದುರ್ಬೀನು. ಅಂಗಳದವರೆಗೂ ಬಂದು ನನ್ನ ಕೈಗೆ ಟೈಪು ಮಾಡಿದ ಒಂದು ಹಾಳೆ ಕೊಟ್ಟು, ನಿಮಗೆ ಇನ್ನು ಚಿಂತೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. 'ನಿಮಗೆ' ಎಂದು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ; ದಿಬ್ಬದ ಕಡೆ ನೋಡಿದರು. ಇದನ್ನೂ ಆಗ ಕಂಡೆ. ಕಂಡು ಸುಮ್ಮನಾದೆ.

ಸಾಲಿನವರೆಲ್ಲ ಸುತ್ತ ನಿಂತರು. ಹಾಳೆಯಲ್ಲಿ ಇದ್ದದ್ದು ಎರಡೇ ಸಾಲು. 'ಹೌಸಸ್ ಇನ್ ದ ರೋ ನೀಡ್ ನಾಟ್ ಬಿ ಡಿಸ್ಟರ್ಬ್ಡ್. ಲೈನ್ಸ್ ಟು ಬಿ ಶಿಫ್ಟೆಡ್ ಟು ಲೋವರ್ ಗ್ರೌಂಡ್.' ನಾನು ಜೋರಾಗಿ ಕನ್ನಡದಲ್ಲಿ ಹೇಳಿದೆ: "ಸಾಲಿನ ಮನೆಗಳನ್ನು ಮುಟ್ಟುವುದಿಲ್ಲ. ಲೈನನ್ನು ಕೆಳಗಿನ ಜಾಗಕ್ಕೆ ಸರಿಸುತ್ತಾರೆ."

ಗೌರಮ್ಮ ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟರು. ಆಮೇಲೆ ಎದ್ದು ಎರಡೂ ಕೈಯಿಂದ ಗೂಟ ಅಲ್ಲಾಡಿಸಿ ಕಿತ್ತು, ಬಚ್ಚಲೊಲೆಗೆ ಹಾಕಿದರು. ಬಣ್ಣ ಉರಿದ ಹೊಗೆ ಇಡೀ ಸಾಲಿಗೆ ಹರಡಿತು. ಆ ದಿನ ಅದು ಹಬ್ಬದ ವಾಸನೆಯಾಗಿತ್ತು.

ಮೊಯ್ದು ಕಾಕ ಮಾತ್ರ ಗ್ಲಾಸು ಒರೆಸುತ್ತ, "ಅಲ್ಲ, ವೆಳ್ಳ ಬರ್ತದೆ, ಹೊಳೆ ಏರ್ತದೆ ಅಂತ ಅಲ್ವಾ ರೈಲು ಕೆಳಗಿನಿಂದ ಮೇಲೆ ಬಂದದ್ದು? ಈಗ ವಾಪಸು ಕೆಳಗೆ ಯಾಕೆ? ಹೊಳೆ ಜಾಗ ಬಿಟ್ಟು ಹೋಗಿದೆಯಾ?" ಎಂದ.

"ನೀನು ಸುಮ್ಕೆ ಟೀ ಕಾಯ್ಸು ಕಾಕ," ಎಂದರು ಗೌರಮ್ಮ. ಎಲ್ಲರೂ ನಕ್ಕರು. ನಾನೂ.

ಗೌರಮ್ಮ ಪಾಯಸ ಮಾಡಿದರು. ಮತ್ತೆ ಹೆಪ್ಪಿಗೆಂದು ಒಂದು ಖಾಲಿ ಬಟ್ಟಲಿನ ಸಹಿತ ನನ್ನ ಮನೆಗೂ ಬಂತು. ಚೆಲ್ಲಮ್ಮ ಪಿಕಿಂಗ್ ಮುಗಿಸಿ ಹೋಗುವಾಗ, ರೈಲು ಕೆಳಗೆ ಹೋಗುತ್ತದಂತೆ ಎಂದು ಹೇಳಿ ಅವಳ ಪಾತ್ರೆಗೂ ಹಾಕಿದೆ. "ನಿಮ್ಮ ಮನೆ ನಿಂತಿತಲ್ಲಾಮ್ಮಾ, ಎಂಗಳಿಗೆ ಅದೇ ಸಂತೋಷ," ಎಂದು ನಿಂತೇ ಕುಡಿದಳು. ಹೊಟ್ಟೆ ಮುಂದೆ ಬಂದಿದ್ದರಿಂದ ಬಗ್ಗಿ ಪಾತ್ರೆ ತೊಳೆಯಲಾಗದೆ ನನಗೇ ಕೊಟ್ಟಳು.

ಹತ್ತು ದಿನವಾಗಿರಬಹುದು. ನಮ್ಮವರು ಊಟಕ್ಕೆ ಬಂದವರು ಕೈ ತೊಳೆಯುತ್ತ ಹೇಳಿದರು: "ನಾಳೆಯಿಂದ ಎರಡು ದಿನ ಪಿಕಿಂಗ್ ಇಲ್ಲ. ಆಳು ಎಲ್ಲ ಲೈನು ಬಿಚ್ಚಕ್ಕೆ."

"ಯಾವ ಲೈನು?"

"ಯಾವ ಲೈನು ಅಂತೀಯಲ್ಲ! ಇಲ್ಲಿ ಎಷ್ಟು ಲೈನಿದಾವೆ? ನೀನೇ ಓದಿದೆಯಂತಲ್ಲ ಊರಿಗೆಲ್ಲ. ರೈಲು ಸಾಲಿನ ಹಿಂದಕ್ಕೆ ಹೋಗ್ತದೆ, ಲೈನಿರೋ ಜಾಗಕ್ಕೆ. ಅವರನ್ನ ಹೊಳೆ ಬದಿ ಹುಲ್ಲುಗಾವಲಿಗೆ ಹಾಕ್ತಾರೆ."

ನಾನು ಹಾಳೆಯನ್ನು ಹೊಲಿಗೆ ಪೆಟ್ಟಿಗೆಯಿಂದ ತೆಗೆದು ನೋಡಿದೆ. ಲೈನ್ಸ್. ಕೊನೆಯಲ್ಲಿ ಒಂದು ಅಕ್ಷರ. ರೈಲಿನ ಲೈನು ಒಂದೇ, ಆಳುಗಳ ಲೈನು ಎರಡು. ಕಾನ್ವೆಂಟಿನಲ್ಲಿ ಒಂದನ್ನು ಹಲವಾಗಿಸುವ ಆ ಒಂದು ಅಕ್ಷರವನ್ನು ನುಂಗಿದವರ ಬೆರಳಿನ ಮೇಲೆ ಸಿಸ್ಟರ್ ಅಳತೆಪಟ್ಟಿಯಿಂದ ತಟ್ಟುತ್ತಿದ್ದರು. ನನಗೆ ಒಂದು ದಿನವೂ ತಟ್ಟಿರಲಿಲ್ಲ. ಲೋವರ್ ಗ್ರೌಂಡ್ ಯಾವುದೆಂದೂ ಗೊತ್ತಿತ್ತು. ಅಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ಬೆರಳು ತೋರಿಸಿ ಹೇಳಿಕೊಟ್ಟವಳೇ ನಾನು. ಆ ಗೆರೆ ರೈಲಿಗೆ ಲೆಕ್ಕಕ್ಕೆ ಬಂತು, ಆಳುಗಳಿಗೆ ಬರಲಿಲ್ಲ.

ಮರುದಿನ ಅವರು ನಮ್ಮ ಮನೆಯ ಪಕ್ಕದ ಕಾಲುದಾರಿಯಲ್ಲೇ ಇಳಿದರು. ತಲೆಯ ಮೇಲೆ ಹಂಚು, ಬಾಗಿಲು, ಒಲೆಯ ಕಲ್ಲು. ಚೆಲ್ಲಮ್ಮ ಸೀಮೆಬದನೆಯ ಬೇರನ್ನು ಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ, ಹೊಟ್ಟೆಯ ಮೇಲೆ ಒರಗಿಸಿ ಹಿಡಿದುಕೊಂಡಿದ್ದಳು. ನನ್ನ ಬಾಗಿಲಲ್ಲಿ ನಿಂತಳು.

"ಅಮ್ಮಾ, ನೀವು ಓದಿದ ಕಾಗದದಲ್ಲಿ ಎಂಗ ಲೈನೂ ಬರೆದಿತ್ತಾ?"

ನಾನು ಹೌದು ಎಂದೆ. ಅವಳು ಗೋಣಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದಳು. "ನೀವು ಕೆಳಗೆ ಹೋಗೋದು ರೈಲು ಅಂತ ಹೇಳಿದ್ರಿ," ಎಂದಳಷ್ಟೆ. ಜಗಳವಾಡುವ ದನಿಯಲ್ಲ. ತಪ್ಪಿ ಬಿದ್ದ ಒಂದು ಮಾತನ್ನು ಹೆಕ್ಕಿ ಕೊಟ್ಟ ಹಾಗೆ.

ಆ ಮಧ್ಯಾಹ್ನವೇ ಇನ್ನೊಂದು ಅರ್ಜಿ ಬರೆದೆ. ಹೊಳೆಯ ನೀರು ಅತ್ತಿಮರದವರೆಗೆ ಬರುತ್ತದೆ, ಆ ಜಾಗದಲ್ಲಿ ಮನೆ ಕೂಡದು ಎಂದು. ತೆಗೆದುಕೊಂಡು ಹೋಗಿ ಗೌರಮ್ಮನ ಹೆಬ್ಬೆಟ್ಟು ಕೇಳಿದೆ. ಅವರು ರಾಗಿ ಬೀಸುತ್ತಿದ್ದವರು ಕಲ್ಲು ನಿಲ್ಲಿಸಲಿಲ್ಲ.

"ಲೈನು ಅಲ್ಲೇ ಇರ್ಲಿ ಅಂದ್ರೆ ರೈಲು ಎಲ್ಲಿಗೆ ಬತ್ತದೆ?"

ನಾನು ಕಾಗದವನ್ನು ಅವರ ಮುಂದಕ್ಕೆ ಇನ್ನಷ್ಟು ಸರಿಸಿದೆ.

"ನನ್ನ ತುಳಸಿ ಹತ್ರಕ್ಕೆ ಬತ್ತದೆ. ನಿನ್ನ ಗೋಡೆಗೂ ಬತ್ತದೆ. ಹರಿದಾಕವ್ವ ಅದ್ನ."

ಹರಿಯಲಿಲ್ಲ. ಕಳಿಸಲೂ ಇಲ್ಲ. ನಮ್ಮವರು ಕಂಡರೆ ಕೆಲಸಕ್ಕೆ ಕುತ್ತು ಎನ್ನುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಹೊಲಿಗೆ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಅವರನ್ನು ನಾನು ಕೇಳಿಯೇ ಇರಲಿಲ್ಲ.

ಚೆಲ್ಲಮ್ಮನಿಗೆ ಪಿಕಿಂಗ್ ಮುಗಿಯುವ ಮುಂಚೆಯೇ ಹೆಣ್ಣುಮಗು ಹುಟ್ಟಿತು. ಮುಂದಿನ ಆಟಿಯಲ್ಲಿ ಹೊಳೆ ಏರಿತು. ಹೋದ ವರ್ಷದಷ್ಟಲ್ಲ, ಆದರೆ ಲೈನಿಗೆ ಸಾಕಾಗುವಷ್ಟು. ಹಾಡಹಗಲು, ಮಧ್ಯಾಹ್ನ, ನಾವು ನೋಡುತ್ತಿದ್ದ ಹಾಗೆಯೇ ನೀರು ಅವರ ಹೊಸ್ತಿಲು ದಾಟಿತು. ಎಲ್ಲರೂ ಪಾತ್ರೆ ಪಡಗ ಹಿಡಿದು ರಸ್ತೆಗೆ ಬಂದರು. ಸಾಲಿನ ಬಾಗಿಲುಗಳು ಒಂದೊಂದೇ ತೆರೆದವು. ಮೊಯ್ದು ಕಾಕ ಅಂಗಡಿಯ ಬೆಂಚು ಒಳಗೆಳೆದು ಜಾಗ ಮಾಡಿದ. ಚೆಲ್ಲಮ್ಮ ನಮ್ಮ ಜಗಲಿಯಲ್ಲಿ ಕೂತಳು. ಮಗುವನ್ನು ನನ್ನ ಮಡಿಲಲ್ಲಿಟ್ಟು ಸೀರೆಯ ಅಂಚು ಹಿಂಡಿಕೊಂಡಳು. ಮಗುವಿನ ಅಂಗಾಲು ಮಂಜುಗಡ್ಡೆಯಂತಿತ್ತು.

ಗೌರಮ್ಮ ಬಿಸಿ ಗಂಜಿ ತಂದು ಎಲ್ಲರಿಗೂ ಬಡಿಸಿದರು. ಆಮೇಲೆ ಪಾತ್ರೆ ತೊಳೆಯಲು ನಾನು ಪಕ್ಕದ ಗೋಡೆಯ ಹತ್ತಿರ ಹೋದಾಗ ಹಿಂದೆಯೇ ಬಂದರು. ಬಾಣ ಇನ್ನೂ ಹಾಗೆಯೇ ಇತ್ತು, ಮಳೆಗೆ ತೊಯ್ದು ಹೊಸದರ ಹಾಗೆ. ಅದರ ಮೂತಿ ದಿಬ್ಬದ ಕಡೆಗಿತ್ತು, ಲೈನು ಇದ್ದ ಜಾಗದ ಕಡೆಗೆ. ಮೊದಲ ದಿನದಿಂದಲೂ.

"ಹೊಟ್ಟೇಲಿ ಇಟ್ಕಬ್ಯಾಡ ಕಣವ್ವ, ತಪ್ಪಾಗಿ ಓದ್ಬಿಟ್ಟೆ ಅಂತ," ಎಂದರು. "ನಂಗೆ ಅಕ್ಷರ ಬರಕ್ಕಿಲ್ಲ, ಬಾಣ ಬತ್ತದೆ. ಇದು ಎತ್ತಾಗೆ ತೋರುಸ್ತದೆ ಅಂತ ಅವತ್ತೇ ಕಂಡಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೂ ಹೇಳಲಿಲ್ವಲ್ಲ."

ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬೆಳಿಗ್ಗೆ ಬೆಳಿಗ್ಗೆ ಗೂಟಕ್ಕೆ ಹೆಜ್ಜೆ ಅಳೆಯುವಾಗ ನೋಡುತ್ತಿದ್ದ ಹಾಗೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ.

ರೈಲು ಬರಲಿಲ್ಲ. ಸರ್ವೇಯರೂ ಮತ್ತೆ ಬರಲಿಲ್ಲ. ಸ್ವಲ್ಪ ಕಾಲಕ್ಕೆ ಕೊಡಗೇ ಮೈಸೂರಿಗೆ ಸೇರಿ, ನಮ್ಮ ಅರ್ಜಿ ಹೋದ ಕಚೇರಿಗಳಿಗೆ ಬೇರೆ ಬೋರ್ಡು ಬಂತು. ಆದರೆ ಲೈನನ್ನು ಯಾರೂ ಮೇಲೆ ತರಲಿಲ್ಲ. ಖಾಲಿಯಾದ ದಿಬ್ಬದಲ್ಲಿ ಸಾಹುಕಾರರು ಕಾಫಿ ಹಾಕಿಸಿದರು. ರೈಲು ಬರುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ ಎಂದು ಗೌರಮ್ಮ ಸಾಯುವವರೆಗೂ ಹೇಳುತ್ತಿದ್ದರು. ಇದ್ದರೂ ಇರಬಹುದು. ಆ ವರ್ಷ ಯಾರಿಗೆ ಏನು ಮೊದಲೇ ಗೊತ್ತಿತ್ತು ಎಂದು ನಾನು ಯಾರ ಪರವಾಗಿಯೂ ಆಣೆ ಮಾಡಲಾರೆ.

ಬಣ್ಣದವನು ನಿನ್ನೆ ಸಂಜೆ ಬ್ರಷ್ಷು ತೊಳೆದು, "ಅಮ್ಮ, ಸ್ವಲ್ಪ ಉಳಿದಿದೆ, ಒಳಗೆ ಇಡ್ಲಾ?" ಎಂದ. ನೀನೇ ತಗೊಂಡು ಹೋಗು ಎಂದೆ. ಹೋಗುವಾಗ ಅವನು ಗೋಡೆಗೆ ಸುಣ್ಣವನ್ನೂ ಮಳೆಗೆ ಮುಂಚೆಯೇ ಹೊಡೆದುಬಿಡೋಣ ಎಂದ. ಹೊಡೆಯಲಿ. ಎಷ್ಟು ಬಳಿದರೂ ಮಳೆ ಹಿಡಿದ ಎರಡನೆಯ ವಾರಕ್ಕೆ ಆ ಬಾಣ ಒಳಗಿನಿಂದ ತೇವವಾಗಿ ಏಳುತ್ತದೆ. ಮೊದಲು ಆ ಎರಡು ಹನಿ, ಆಮೇಲೆ ಬಾಲ, ಕೊನೆಗೆ ಮೂತಿ. ಅದು ಕಾಣಿಸಿದ ದಿನ ನಾನು ಮುಂಬಾಗಿಲ ಅಗುಳಿ ತೆಗೆದಿಟ್ಟು, ದೊಡ್ಡ ಪಾತ್ರೆಯಲ್ಲಿ ಗಂಜಿಗೆ ನೀರಿಡುತ್ತೇನೆ. ಚೆಲ್ಲಮ್ಮನ ಮಗಳು ಈಗಲೂ ಕೆಳಗೆ, ಹೊಳೆ ಬದಿಯಲ್ಲೇ ಇದ್ದಾಳೆ.